ಹಜಾರದಲ್ಲಿ ಹೂಡಿದ ಬಿಡಾರ

ನನ್ನ ಮಿತ್ರರೊಬ್ಬರು ಕಳೆದ ಹದಿನಾಲ್ಕು ತಿಂಗಳಿನಿಂದ ಕಾಡಿಗೆ ಹೊರಟಿದ್ದಾರೆ. ‘ಹೊರಟಿದ್ದಾರೆ’ ಎಂಬ ಕ್ರಿಯಾಪದವನ್ನು ಓದುಗರು ವ್ಯಾಕರಣದ ಕಟ್ಟುನಿಟ್ಟಿನಲ್ಲಿಯೇ ಓದಬೇಕೆಂದು ವಿನಂತಿ. ತಲುಪಿದ್ದಾರೆ ಎಂದು ನಾನು ಎಲ್ಲಿಯೂ ಹೇಳಿಲ್ಲ. ಈ ಅವಧಿಯಲ್ಲಿ ಅವರು ಮೂರು ಟೆಂಟುಗಳನ್ನು ತರಿಸಿ ಎರಡನ್ನು ಹಿಂದಿರುಗಿಸಿದ್ದಾರೆ, ಮಳೆಯ ಜಾಕೆಟ್ ತೊಟ್ಟು ಬಚ್ಚಲುಮನೆಯ ಶವರಿನಡಿ ಹನ್ನೆರಡು ನಿಮಿಷ ಅಲುಗದೆ ನಿಂತಿದ್ದಾರೆ, ಫ್ಯಾನನ್ನು ಐದಕ್ಕೆ ತಿರುಗಿಸಿ ಹಜಾರದ ನೆಲದ ಮೇಲೆ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿ ಬೆವರಿದ್ದಾರೆ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರೆಂದು ನಗುವವರು ನಗಲಿ. ಇಲ್ಲಿ ಕುಲಾವಿಯ ನೂಲು ಎಷ್ಟು ಡೆನಿಯರಿನದು, ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ವಿಚಾರಣೆಯೇ ಇನ್ನೂ ಮುಗಿದಿಲ್ಲ. ಕೂಸು ಕಾಯಲೇಬೇಕು.

ಮಿತ್ರರು ಒಬ್ಬಂಟಿಯಲ್ಲ ಎಂಬುದೇ ಈ ಬರಹಕ್ಕೆ ಕಾರಣ. ಬಯಲಿನಲ್ಲಿ ಒಂದು ರಾತ್ರಿ ಮಲಗಿ ಬರುವ ಸರಳ ಕೆಲಸವು ಈಗ ಬಯಲಿಗೂ ರಾತ್ರಿಗೂ ಸಂಬಂಧವಿಲ್ಲದ ಒಂದು ಶಾಸ್ತ್ರವಾಗಿ ಬೆಳೆದು ನಿಂತಿದೆ. ಅದಕ್ಕೆ ತನ್ನದೇ ಪರಿಭಾಷೆಯಿದೆ, ತನ್ನದೇ ಪಂಡಿತರಿದ್ದಾರೆ, ವಾದ ವಿವಾದಗಳಿವೆ. ನಡೆಯುವವರು ಮಾತ್ರ ಅಷ್ಟಾಗಿ ಕಾಣುವುದಿಲ್ಲ.

ಟೆಂಟಿನ ಗಣಿತವನ್ನೇ ನೋಡೋಣ. ‘ಇಬ್ಬರ ಟೆಂಟ್’ ಎಂದು ಚೀಲದ ಮೇಲೆ ಅಚ್ಚಾಗಿರುತ್ತದೆ. ಆ ಇಬ್ಬರು ಯಾರೆಂಬುದು ಮಾತ್ರ ಅಚ್ಚಾಗಿರುವುದಿಲ್ಲ. ಮಲಗುವ ಮ್ಯಾಟಿನ ಸಾಮಾನ್ಯ ಅಗಲ ಸುಮಾರು 51 ಸೆಂಟಿಮೀಟರ್. ಎರಡನ್ನು ಒತ್ತಾಗಿ ಹಾಸಿದರೆ 102. ಇಂಥ ಟೆಂಟುಗಳ ನೆಲದ ಅಗಲವಾದರೋ ಸಾಮಾನ್ಯವಾಗಿ 130 ಸೆಂಟಿಮೀಟರಿನ ಆಸುಪಾಸು, ಅದೂ ಹಲವು ಮಾದರಿಗಳಲ್ಲಿ ತಲೆಯ ಕಡೆ ಮಾತ್ರ; ಕಾಲಿನ ಕಡೆಗೆ ಅದು ಇನ್ನಷ್ಟು ಕಿರಿದಾಗುತ್ತದೆ. ಮಿಕ್ಕ ಒಂದು ಗೇಣಿನಲ್ಲಿ ಇಬ್ಬರ ಚೀಲ, ಎರಡು ಜೊತೆ ಒದ್ದೆ ಬೂಟು, ಹೊತ್ತು ತಂದ ಸ್ನೇಹ, ಎಲ್ಲವೂ ಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕಾಲಿನ ವ್ಯವಸ್ಥೆಯನ್ನಷ್ಟೇ ಹೇಳಿ ಹೋದರು, ಭುಜದ ವಿಷಯದಲ್ಲಿ ಮೌನ ವಹಿಸಿದರು.

ನೀರಿನ ವಿಷಯದಲ್ಲಿ ಶಾಸ್ತ್ರವು ಇನ್ನೂ ಗಂಭೀರವಾಗಿದೆ. ಟೆಂಟಿನ ಬಟ್ಟೆಗೆ ‘1,500 ಮಿಲಿಮೀಟರ್’, ‘3,000 ಮಿಲಿಮೀಟರ್’ ಎಂಬ ಬಿರುದುಗಳಿರುತ್ತವೆ. ಇದು ಅಷ್ಟು ಮಳೆಯನ್ನು ತಡೆಯುತ್ತದೆಂಬ ಭರವಸೆಯೆಂದು ತಿಳಿದ ಮುಗ್ಧರು ನನಗೆ ಗೊತ್ತು, ಏಕೆಂದರೆ ನಾನೂ ಅವರಲ್ಲೊಬ್ಬನಾಗಿದ್ದೆ. ವಾಸ್ತವದಲ್ಲಿ ಪ್ರಯೋಗಾಲಯದಲ್ಲಿ ಬಟ್ಟೆಯ ತುಂಡೊಂದನ್ನು ಬಿಗಿದು, ಒಂದು ಬದಿಯಿಂದ ನೀರಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತ ಹೋಗುತ್ತಾರೆ. ಇನ್ನೊಂದು ಬದಿಯಲ್ಲಿ ಮೂರನೆಯ ಹನಿ ಕಾಣಿಸಿಕೊಂಡ ಕೂಡಲೇ ಪರೀಕ್ಷೆ ನಿಲ್ಲುತ್ತದೆ, ಆಗ ನೀರಿನ ಕಂಬದ ಎತ್ತರ ಎಷ್ಟಿತ್ತೋ ಅದೇ ಬಿರುದು. ಆ ತುಂಡಿನಲ್ಲಿ ಹೊಲಿಗೆಯಿಲ್ಲ, ಝಿಪ್ಪಿಲ್ಲ, ಅದರ ಮೇಲೆ ಮಂಡಿಯೂರಿ ಕಳೆದುಹೋದ ಕಾಲುಚೀಲವನ್ನು ಹುಡುಕುವ ಮನುಷ್ಯನೂ ಇಲ್ಲ. ಒದ್ದೆ ನೆಲದ ಮೇಲೆ ಒಬ್ಬ ವಯಸ್ಕ ಮಂಡಿಯೂರಿದಾಗ ಬೀಳುವ ಒತ್ತಡ ಮೇಲಿನ ಅಂಕಿಗಳಿಗಿಂತ ಹಲವು ಸಾವಿರ ಮಿಲಿಮೀಟರಿನಷ್ಟು ಹೆಚ್ಚಿರಬಲ್ಲದು. ಇಷ್ಟಾಗಿಯೂ ಬೆಳಗಿನ ಜಾವ ಹಣೆಯ ಮೇಲೆ ತೊಟ್ಟಿಕ್ಕುವ ನೀರು ಎಷ್ಟೋ ಸಲ ಮಳೆಯದಲ್ಲ. ಅದು ಒಳಗೆ ಮಲಗಿದವರ ಉಸಿರೇ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿದ್ದು. ಹೊರಗಿನ ನೀರನ್ನು ತಡೆಯಲು ಇಷ್ಟೆಲ್ಲ ಅಂಕಿಗಳನ್ನು ಪೇರಿಸಿದ ಶಾಸ್ತ್ರವು ಮಲಗುವವನಿಗೆ ಉಸಿರಾಡುವ ದುರಭ್ಯಾಸವಿದೆ ಎಂಬುದನ್ನು ಚೀಲದ ಮೇಲೆ ಎಲ್ಲಿಯೂ ನಮೂದಿಸುವುದಿಲ್ಲ.

ಆದರೆ ನನ್ನ ನಿಜವಾದ ಗೌರವ ಸಲ್ಲುವುದು ಸ್ಲೀಪಿಂಗ್ ಬ್ಯಾಗನ್ನು ಪರೀಕ್ಷಿಸುವ ಗೊಂಬೆಗೆ. ಮೊದಲೆಲ್ಲ ತಯಾರಕರು ತಮ್ಮ ಚೀಲ ಎಂಥ ಚಳಿಯನ್ನು ತಡೆಯುತ್ತದೆಂಬುದನ್ನು ತಮ್ಮ ಉತ್ಸಾಹಕ್ಕೆ ತಕ್ಕಂತೆ ತಾವೇ ಬರೆದುಕೊಳ್ಳುತ್ತಿದ್ದರು. 2002ರಲ್ಲಿ ಯುರೋಪಿನಲ್ಲಿ ಇದಕ್ಕೊಂದು ಮಾನದಂಡ ಬಂತು, 2016ರಲ್ಲಿ ಅದೇ ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ರೂಪ ತಾಳಿತು. ಅದರಂತೆ, ಬಿಸಿಯಾಗುವ ಗೊಂಬೆಯೊಂದಕ್ಕೆ ಒಳಉಡುಪು ತೊಡಿಸಿ, ಮ್ಯಾಟಿನ ಮೇಲೆ ಚೀಲದೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಹಳೆಯ ಅರಾಜಕತೆಗೆ ಹೋಲಿಸಿದರೆ ಇದು ದೊಡ್ಡ ಉಪಕಾರವೇ, ಅದನ್ನು ನಾನು ಹಾಸ್ಯಕ್ಕೂ ಅಲ್ಲಗಳೆಯಲಾರೆ. ತಮಾಷೆ ಶುರುವಾಗುವುದು ಆಮೇಲೆ. ಅಳತೆಯಿಂದ ಮೂರು ಅಂಕಿಗಳು ಹೊರಡುತ್ತವೆ. ಮೊದಲನೆಯದು, ಇಪ್ಪತ್ತೈದು ವರ್ಷದ, 1.60 ಮೀಟರ್ ಎತ್ತರದ ‘ಪ್ರಮಾಣಿತ ಮಹಿಳೆ’ ಹಾಯಾಗಿ ಮಲಗಬಲ್ಲ ಉಷ್ಣಾಂಶ. ಎರಡನೆಯದು, ಇಪ್ಪತ್ತೈದೇ ವರ್ಷದ, 1.73 ಮೀಟರ್ ಎತ್ತರದ ‘ಪ್ರಮಾಣಿತ ಪುರುಷ’ ಮುದುಡಿಕೊಂಡು ಹೇಗೋ ಬೆಳಗು ಮಾಡಬಲ್ಲ ಉಷ್ಣಾಂಶ. ಮೂರನೆಯದು, ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತ ಜೀವವೊಂದು ಉಳಿಯಬಹುದಾದ ಉಷ್ಣಾಂಶ. ಚೀಲದ ಹೆಸರಿನೊಳಗೆ ದಪ್ಪಕ್ಷರದಲ್ಲಿ ಸೇರುವ ಅಂಕಿ ಯಾವುದು? ಹಾಯಾಗಿ ಮಲಗುವವರದ್ದು ಎಂದುಕೊಂಡರೆ ನೀವು ಇನ್ನೂ ಒಂದು ಚಳಿ ರಾತ್ರಿಯನ್ನೂ ಕಂಡಿಲ್ಲ. ಬಹಳಷ್ಟು ಸಲ ಅದು ಮುದುಡಿಕೊಂಡವರದ್ದು.

ನನ್ನ ಮಿತ್ರರಿಗೆ ಐವತ್ತೆರಡು ವರ್ಷ. ಬೆನ್ನು ನೋವಿನಿಂದಾಗಿ ಅವರಿಗೆ ಮುದುಡಿಕೊಳ್ಳಲು ಬರುವುದಿಲ್ಲ. ಇದನ್ನು ನಾನು ಎತ್ತಿದಾಗ ಅವರು ಕನಿಕರದಿಂದ ನನ್ನನ್ನು ನೋಡಿ, “ನೀವು ಅಂಕಿಯನ್ನು ನೋಡಿ ಸ್ವಾಮಿ, ನನ್ನನ್ನೇಕೆ ನೋಡುತ್ತೀರಿ?” ಎಂದರು. ಈ ಶಾಸ್ತ್ರದ ಸಾರವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆ ಗೊಂಬೆ ಹಸಿದು ಮಲಗುವುದಿಲ್ಲ, ಬೆವರಿದ ಅಂಗಿಯಲ್ಲಿ ಮಲಗುವುದಿಲ್ಲ, ನಡುರಾತ್ರಿ ಮೂತ್ರಕ್ಕೆಂದು ಎದ್ದು ಬೂಟು ಹುಡುಕುವುದಿಲ್ಲ. ಅದಕ್ಕೆ ಒಪ್ಪುವ ಚೀಲವನ್ನು ಆರಿಸಿದ ಮೇಲೆ ಮನುಷ್ಯನಿಗೆ ಉಳಿಯುವ ಕರ್ತವ್ಯವೊಂದೇ: ಆದಷ್ಟು ಗೊಂಬೆಯಾಗುವುದು.

ಹೆಡ್‌ಲ್ಯಾಂಪು ‘ನಲವತ್ತು ಗಂಟೆ ಉರಿಯುತ್ತದೆ’ ಎಂದರೆ ಬೆಳಕು ಮೊದಲಿದ್ದುದರ ಹತ್ತನೆಯ ಒಂದು ಪಾಲಿಗೆ ಇಳಿಯುವವರೆಗಿನ ಸಮಯವೆಂದು ಅರ್ಥ. ಅದರ ಬೆಳಕು ಇಷ್ಟು ದೂರ ಬೀಳುತ್ತದೆ ಎಂದರೆ ಅಲ್ಲಿ ಹುಣ್ಣಿಮೆಯ ಬೆಳದಿಂಗಳಿನಷ್ಟು ಬೆಳಕಿರುತ್ತದೆಂದು ಅರ್ಥ. ಬೆನ್ನಚೀಲ ಎಷ್ಟು ಲೀಟರಿನದೆಂದು ಅಳೆಯಲು ಅದರೊಳಗೆ ಪುಟ್ಟ ಗೋಲಿಗಳನ್ನು ಸುರಿದು ನೋಡುವ ಪದ್ಧತಿಯೂ ಉಂಟು. ಕಾಡಿಗೆ ಗೋಲಿಗಳನ್ನು ಹೊತ್ತೊಯ್ಯುವವರಿಗೆ ಆ ಅಂಕಿಯಲ್ಲಿ ಕಿಂಚಿತ್ತೂ ಮೋಸವಾಗದು.

ಇನ್ನು ತೂಕ. ಇಲ್ಲಿ ಶಾಸ್ತ್ರವು ಮತವಾಗುತ್ತದೆ. ಆಹಾರ, ನೀರು, ಇಂಧನಗಳನ್ನು ಬಿಟ್ಟು ಚೀಲದಲ್ಲಿ ಉಳಿಯುವುದಕ್ಕೆ ಮೂಲತೂಕ ಎನ್ನುತ್ತಾರೆ. ಅದು ಹತ್ತು ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗಿಂತ ಕೆಳಗಿಳಿದವರು ‘ಅಲ್ಟ್ರಾಲೈಟ್’ ದೀಕ್ಷೆ ಪಡೆದಂತೆ. ಈ ದೀಕ್ಷೆಗಾಗಿ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ ಕೊಯ್ಯುತ್ತಾರೆ, ಅಂಗಿಯ ಪಟ್ಟಿಗಳನ್ನು ಕತ್ತರಿಸುತ್ತಾರೆ, ಚೀಲದ ಪಟ್ಟಿಯ ತುದಿಗಳನ್ನು ಸುಟ್ಟು ಮೋಟು ಮಾಡುತ್ತಾರೆ. ಮೈಮೇಲೆ ತೊಟ್ಟದ್ದು ಮೂಲತೂಕಕ್ಕೆ ಸೇರದೆಂಬ ನಿಯಮವಿರುವುದರಿಂದ, ಲೆಕ್ಕ ತಪ್ಪಿದ ಸಂದರ್ಭದಲ್ಲಿ ಚಾಕು, ದಿಕ್ಸೂಚಿ, ಫೋನುಗಳು ಚೀಲದಿಂದ ಜೇಬಿಗೆ ವರ್ಗವಾಗುತ್ತವೆ. ಚೀಲ ಹಗುರವಾಗುತ್ತದೆ, ಷರಾಯಿ ಜಾರುತ್ತದೆ. ನನ್ನ ಮಿತ್ರರು ಅಡುಗೆಮನೆಯ ತೂಕದ ಯಂತ್ರವನ್ನು ಇದಕ್ಕೆಂದೇ ಶಾಶ್ವತವಾಗಿ ವಶಪಡಿಸಿಕೊಂಡು, ಪ್ರತಿಯೊಂದು ವಸ್ತುವಿನ ತೂಕವನ್ನೂ ಉದ್ದನೆಯ ಕೋಷ್ಟಕದಲ್ಲಿ ದಾಖಲಿಸಿದ್ದಾರೆ. ಟೆಂಟಿನ ಎಂಟು ಗೂಟಗಳನ್ನು ಒಂದೊಂದಾಗಿ ತೂಗಿ, ಪ್ರತಿಯೊಂದೂ ಹನ್ನೊಂದು ಗ್ರಾಂ ಎಂದು ಕಂಡುಕೊಂಡ ಸಂಜೆ ಅವರ ಮುಖದಲ್ಲಿದ್ದ ಕಳೆಯನ್ನು ನಾನು ಮರೆಯಲಾರೆ. ಅವರದೇ ಹೊಟ್ಟೆಯ ಸುತ್ತಲಿನ ಆರು ಕಿಲೋಗೆ ಕೋಷ್ಟಕದಲ್ಲಿ ಸಾಲಿಲ್ಲ. ಅದು ತೊಟ್ಟುಕೊಂಡದ್ದರ ಲೆಕ್ಕಕ್ಕೆ ಹೋಗುತ್ತದೆ.

ಹಗುರವಾಗಿ ನಡೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಅಮೆರಿಕದ ಅಜ್ಜಿ, ಹನ್ನೊಂದು ಮಕ್ಕಳನ್ನು ಹೆತ್ತು ಬೆಳೆಸಿ ಅರವತ್ತೇಳನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ಅಪಲೇಚಿಯನ್ ಹಾದಿಯನ್ನು ಒಬ್ಬರೇ ಒಂದೇ ಋತುವಿನಲ್ಲಿ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಕೈಯಾರೆ ಹೊಲಿದ ಬಟ್ಟೆಯ ಚೀಲ, ಹೊದೆಯಲು ಕಂಬಳಿ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ; ಟೆಂಟೂ ಇಲ್ಲ, ಸ್ಲೀಪಿಂಗ್ ಬ್ಯಾಗೂ ಇಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ಹಾದಿಯ ಇನ್ನೊಂದು ತುದಿಯಿಂದ ಹೊರಟು, ದಾರಿ ತಪ್ಪಿ, ಕನ್ನಡಕ ಮುರಿದುಕೊಂಡು ಮನೆಗೆ ಮರಳಿದ್ದರು. ಅವರ ಸಲಕರಣೆಯ ಪರೀಕ್ಷೆಯೆಂದರೆ ಅದೇ. ಈ ಕಥೆಯನ್ನು ಮಿತ್ರರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿ ತುಸು ಹೊತ್ತು ಯೋಚಿಸಿ, “ಆ ಪರದೆ ಎಷ್ಟು ಗ್ರಾಂ ಇತ್ತೆಂದು ಎಲ್ಲಾದರೂ ದಾಖಲಾಗಿದೆಯೇ?” ಎಂದು ಕೇಳಿದರು.

ಇಷ್ಟಕ್ಕೂ ಮಿತ್ರರನ್ನು ದೂರಿ ಫಲವಿಲ್ಲ. ಅವರು ನಂಬಿರುವ ಪರೀಕ್ಷಕ ವರ್ಗವೇ ಹಾಗಿದೆ. ಪೆಟ್ಟಿಗೆ ಒಡೆದ ದಿನವೇ ಐದು ನಕ್ಷತ್ರ ಕೊಟ್ಟು, ಇನ್ನೂ ಬಳಸಿಲ್ಲ, ಬಣ್ಣ ಚೆನ್ನಾಗಿದೆ ಎಂದು ಬರೆಯುವವರದು ಒಂದು ಪಂಗಡ. ಎರಡು ವಾರಾಂತ್ಯ ಹೊತ್ತು ತಿರುಗಿ ಅದನ್ನು ದೀರ್ಘಾವಧಿ ಪರೀಕ್ಷೆಯೆಂದು ಕರೆಯುವವರದು ಇನ್ನೊಂದು. ಮೂರನೆಯ ಪಂಗಡದವರು ನಿಜಕ್ಕೂ ಒಂದೇ ಚೀಲದಲ್ಲಿ ಇನ್ನೂರು ರಾತ್ರಿ ಮಲಗುತ್ತಾರೆ, ಝಿಪ್ಪು ಎಲ್ಲಿ ಕಚ್ಚುತ್ತದೆ, ಹೊಲಿಗೆ ಎಷ್ಟನೆಯ ತಿಂಗಳಿಗೆ ಬಿಡುತ್ತದೆ ಎಂದು ಪ್ರಾಮಾಣಿಕವಾಗಿ ಹೇಳುತ್ತಾರೆ. ಆದರೆ ಅವರು ಬಾಯಿ ತೆರೆಯುವ ಹೊತ್ತಿಗೆ ಆ ಮಾದರಿ ಅಂಗಡಿಯಿಂದ ಮರೆಯಾಗಿ, ಅದೇ ಹೆಸರಿನ ಮುಂದೆ ‘2’ ಎಂದು ಬರೆಸಿಕೊಂಡ, ಎಂಬತ್ತು ಗ್ರಾಂ ಹಗುರವಾದ, ಝಿಪ್ಪು ಬದಲಾದ ಹೊಸ ಚೀಲ ಬಂದಿರುತ್ತದೆ. ಬಾಳಿಕೆಯ ಬಗ್ಗೆ ಖಚಿತವಾಗಿ ತಿಳಿದಿರುವುದು ಇನ್ನು ಕೊಳ್ಳಲಾಗದ ವಸ್ತುಗಳ ಬಗ್ಗೆ ಮಾತ್ರ.

ಇರಲಿ. ಹದಿನಾಲ್ಕನೆಯ ತಿಂಗಳಿನಲ್ಲಿ ಪವಾಡವೊಂದು ನಡೆದು, ಮಿತ್ರರು ಒಂದು ಶನಿವಾರ ನಿಜವಾಗಿಯೂ ಹೊರಟರು. ಇಬ್ಬರ ಟೆಂಟಿನ ಎರಡನೆಯವನಾಗಿ ನಾನು ಜೊತೆಗೆ ಹೋದೆ. ಹಜಾರದ ನಯವಾದ ನೆಲದ ಮೇಲೆ ಇಪ್ಪತ್ತಾರು ಸಲ ಹೂಡಿ ಕಳಚಿದ ಟೆಂಟನ್ನು ಅವರು ಗುಡ್ಡದ ಇಳಿಜಾರಿನಲ್ಲಿ ನಾಲ್ಕೇ ನಿಮಿಷದಲ್ಲಿ ಎತ್ತಿ ನಿಲ್ಲಿಸಿದಾಗ ನನಗೆ ನಾಚಿಕೆಯಾಯಿತು. ಇಷ್ಟು ದಿನ ನಕ್ಕೆನಲ್ಲ ಎಂದುಕೊಂಡೆ. ಆಮೇಲೆ ಗಾಳಿ ಎದ್ದಿತು. ಮೇಲುಹೊದಿಕೆಯ ಅಂಚನ್ನು ಎಳೆದು ನೆಲಕ್ಕೆ ಬಿಗಿಯಬೇಕಿತ್ತು. ಮಿತ್ರರು ಚೀಲದೊಳಗೆ ಕೈ ಹಾಕಿದರು, ಇನ್ನೊಂದು ಚೀಲದೊಳಗೆ ಹಾಕಿದರು, ಜೇಬುಗಳನ್ನು ತಡಕಿದರು, ಕೊನೆಗೆ ಬಹಳ ನಿಧಾನವಾಗಿ ತಲೆಯೆತ್ತಿ ಆಕಾಶ ನೋಡಿದರು.

ಹಜಾರದ ನೆಲಕ್ಕೆ ಗೂಟ ಹೊಡೆಯಲಾಗುವುದಿಲ್ಲ. ಇಪ್ಪತ್ತಾರು ಸಲವೂ ಟೆಂಟು ತನ್ನ ಕಮಾನುಗಳ ಬಲದಿಂದಲೇ ನಿಂತಿತ್ತು. ಹನ್ನೊಂದು ಗ್ರಾಂಗಳ ಆ ಎಂಟು ಗೂಟಗಳು ಆ ಹೊತ್ತಿಗೂ ಅಡುಗೆಮನೆಯ ತೂಕದ ಯಂತ್ರದ ಮೇಲೆ ಸಾಲಾಗಿ ಮಲಗಿದ್ದವು.

ಬೂಟುಗಳ ಲೇಸು ಬಿಚ್ಚಿ, ಕಲ್ಲುಗಳಿಗೆ ಕಟ್ಟಿ, ಒಂದು ಮೂಲೆಗೆ ನನ್ನ ಚೀಲವನ್ನೇ ಹೇರಿ, ಹೇಗೋ ಒಳಗೆ ಸೇರಿಕೊಂಡೆವು. ಸಡಿಲಬಿದ್ದ ಮೇಲುಹೊದಿಕೆ ಒಳಬಟ್ಟೆಗೆ ಅಂಟಿಕೊಂಡು ರಾತ್ರಿಯಿಡೀ ಪಟಪಟ ಬಡಿಯಿತು. ಮಿತ್ರರು ಒಂದು ಮಗ್ಗುಲಾದರೆ ನಾನೂ ಅದೇ ಮಗ್ಗುಲಾಗಬೇಕಿತ್ತು. ಎರಡು ಗಂಟೆಯ ಸುಮಾರಿಗೆ ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು, ತುಸು ಹೊತ್ತಿಗೆ ಇನ್ನೊಂದು. ಮೂರನೆಯದೂ ಬಿದ್ದಾಗ, ಪ್ರಯೋಗಾಲಯವಾಗಿದ್ದರೆ ಪರೀಕ್ಷೆ ಇಲ್ಲಿಗೆ ಮುಗಿದು ಎಲ್ಲರೂ ಮನೆಗೆ ಹೋಗುತ್ತಿದ್ದರು ಎಂದು ನೆನೆದು ಹೊಟ್ಟೆಕಿಚ್ಚಾಯಿತು. ಪಕ್ಕದಲ್ಲಿ ಐವತ್ತೆರಡು ವರ್ಷದ ಅಪ್ರಮಾಣಿತ ಪುರುಷರೊಬ್ಬರು ಮುದುಡಿಕೊಳ್ಳಲು ಪ್ರಯತ್ನಿಸಿ ನರಳುತ್ತಿದ್ದರು.

ಬೆಳಿಗ್ಗೆ ನಾನು ಲೇಸುಗಳನ್ನು ಬಿಚ್ಚಿ ಬೂಟಿಗೆ ಪೋಣಿಸುತ್ತಿದ್ದಾಗ, ಮಿತ್ರರು ಬಂಡೆಯೊಂದರ ಮೇಲೆ ಕುಳಿತು ಫೋನಿನಲ್ಲಿ ಕೋಷ್ಟಕವನ್ನು ತೆರೆದಿದ್ದರು. ಬೆನ್ನಿಗೆ ಕೈಯೊತ್ತಿಕೊಂಡೇ ಗೂಟಗಳ ಸಾಲನ್ನು ಅಳಿಸಿ, ಕೆಳಗಿನ ಮೊತ್ತವನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿ, “ಎಂಬತ್ತೆಂಟು ಗ್ರಾಂ ಇಳಿಯಿತು ನೋಡಿ” ಎಂದರು.