ಎಂಟು ಗಂಟೆ ಕೆಲಸ ಫೋರ್ಡ್ ತೋರಿಸಿದ ಕರುಣೆಯಾ?

"ದಿನಕ್ಕೆ ಎಂಟು ಗಂಟೆ ದುಡಿಮೆ ತಂದಿದ್ದೇ ಅಮೆರಿಕದ ಕಾರು ಉದ್ಯಮಿ ಹೆನ್ರಿ ಫೋರ್ಡ್, ಅದೂ ಕಾರ್ಮಿಕರ ಮೇಲಿನ ಕರುಣೆಯಿಂದ" ಅಂತ ಫಾರ್ವರ್ಡ್ ಆಗುವ ಮಾತು ನಿಜವಲ್ಲ. ಎಂಟು ಗಂಟೆಗಾಗಿ ಶಿಕಾಗೋ ಕಾರ್ಮಿಕರು 1886ರಲ್ಲೇ ಬೀದಿಗಿಳಿದು ಜೀವ ತೆತ್ತಿದ್ದರು. ದಯವಿಟ್ಟು ಅವರನ್ನು ಮರೆಯಬೇಡಿ.

ಫೋರ್ಡ್ ಬದಲಾಯಿಸಿದ್ದು 1914ರಲ್ಲಿ, ಲೆಕ್ಕ ಹಾಕಿಯೇ. ಅಸೆಂಬ್ಲಿ ಲೈನ್‌ನಲ್ಲಿ (ಕಾರು ಮುಂದೆ ಸಾಗಿದಂತೆ ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸುವ ಸಾಲು) ದಿನವಿಡೀ ಒಂದೇ ಕೆಲಸ ಮಾಡಿ ಬೇಸತ್ತು ಜನ ಬಿಟ್ಟು ಹೋಗುತ್ತಿದ್ದರು, ಹಿಂದಿನ ವರ್ಷವಂತೂ ಒಂದೊಂದು ಜಾಗಕ್ಕೆ ಸರಾಸರಿ ಮೂರಕ್ಕಿಂತ ಜಾಸ್ತಿ ಸಲ ಹೊಸಬರನ್ನು ಸೇರಿಸಿ ಕೆಲಸ ಕಲಿಸಬೇಕಾಯಿತು, ಆ ಖರ್ಚು ಸಣ್ಣದಲ್ಲ. ಅದಕ್ಕೇ ಒಂಬತ್ತು ಗಂಟೆಯ ಎರಡು ಪಾಳಿ ತೆಗೆದು ಎಂಟರ ಮೂರು ಪಾಳಿ ಮಾಡಿದ. 18 ಗಂಟೆ ಓಡುತ್ತಿದ್ದ ಕಾರ್ಖಾನೆ 24 ಗಂಟೆಯೂ ಓಡಬಹುದಾಯಿತು, ಅಲ್ವಾ?

ಜೊತೆಗೆ ಕೊಟ್ಟ 5 ಡಾಲರ್ ದಿನಗೂಲಿಯೂ ಸುಮ್ನೆ ಬರಲಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಲಾಭದ ಪಾಲು, ಅದು ಸಿಗಬೇಕಾದರೆ ಕಂಪನಿಯವರು ಕಾರ್ಮಿಕರ ಮನೆಗೇ ಬಂದು ನಡತೆ ವಿಚಾರಿಸುತ್ತಿದ್ದರು.