ದೇಶಭಕ್ತರೇ, ಹಿಂಬಾಗಿಲಿನಿಂದ ಹತ್ತಿ

2024ರ ಜನವರಿಯಲ್ಲಿ ನಮ್ಮ ಪ್ರಧಾನಿಯ ಲಕ್ಷದ್ವೀಪ ಭೇಟಿಯ ಬಗ್ಗೆ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ನಾಲಿಗೆ ಹರಿಬಿಟ್ಟಿದ್ದೇ ತಡ, ಲಕ್ಷದ್ವೀಪ ಅಂತ ಒಂದಿದೆ ಎಂಬುದು ನಮ್ಮವರಿಗೆ ರಾತ್ರೋರಾತ್ರಿ ಗೊತ್ತಾಯಿತು. ಮಲ್ಪೆಯಲ್ಲಿ ಮೊಣಕಾಲುದ್ದ ನೀರಿಗೂ ಇಳಿಯದವರು ನೀರಿನಲ್ಲಿ ಮುಖ ಮುಳುಗಿಸಿ ಉಸಿರಾಡುವ ಸ್ನಾರ್ಕೆಲ್ ಕೊಳವೆ ಹುಡುಕತೊಡಗಿದರು. ಟಿಕೆಟ್ ಮಾರುವ ಕಂಪನಿಯೊಂದು ಮಾಲ್ಡೀವ್ಸ್ ಬುಕಿಂಗ್ ನಿಲ್ಲಿಸಿ ದೇಶಸೇವೆ ಮಾಡಿತು. ಮಾರ್ಚ್ 31ಕ್ಕೆ ಬೆಂಗಳೂರಿನಿಂದ ಲಕ್ಷದ್ವೀಪದ ವಿಮಾನ ನಿಲ್ದಾಣವಿರುವ ಅಗತ್ತಿಗೆ ನೇರ ವಿಮಾನವೂ ಹಾರಿತು. ಇನ್ನೇನು ಬೇಕು?

ರನ್‌ವೇ ಬೇಕು. ದೇವನಹಳ್ಳಿಯದ್ದು 4000 ಮೀಟರ್, ಅಗತ್ತಿಯದ್ದು ಸುಮಾರು 1200. ಅದಕ್ಕೇ ಅಲ್ಲಿಗೆ ಪಂಕದ ಎಟಿಆರ್ ವಿಮಾನ. ಒತ್ತಿ ಕೂರಿಸಿದರೂ ಎಪ್ಪತ್ತು ಚಿಲ್ಲರೆ ಜನ. ಗಿಡ್ಡ ರನ್‌ವೇ ಇರುವ ಕಡೆ ಅಷ್ಟು ಜನರನ್ನೂ ಧೈರ್ಯವಾಗಿ ತುಂಬುವಂತಿಲ್ಲ. ಭಾರ ಜಾಸ್ತಿಯಾದರೆ ಮೇಲೇಳುವ ಮೊದಲೇ ರನ್‌ವೇ ಮುಗಿದು ಸಮುದ್ರ ಶುರು. ನೂರ ನಲವತ್ತು ಕೋಟಿ ಜನರ ಸ್ವಾಭಿಮಾನ ಇದರಲ್ಲೇ ಹೋಗಿಬರಬೇಕು.

ನನಗಂತೂ ಈ ವಿಮಾನದ ಮೇಲೆ ಪ್ರೀತಿ. ಹತ್ತುವುದು ಹಿಂಬಾಗಿಲಿನಿಂದ. ಮೂತಿಯ ಕಡೆ ಸಾಮಾನು ತುಂಬುತ್ತಾರೆ. ಪೈಲಟ್ಟಿಗೂ ಪ್ರಯಾಣಿಕರಿಗೂ ನಡುವೆ ಸೂಟ್‌ಕೇಸುಗಳ ರಾಶಿ. ಹೆಚ್ಚು ಕಾಸು ಕೊಟ್ಟು ಮುಂದಿನ ಸಾಲು ಹಿಡಿದ ದೊಡ್ಡ ಮನುಷ್ಯರು ತಲೆ ತಗ್ಗಿಸಿಕೊಂಡು ಉದ್ದಕ್ಕೂ ನಡೆದು ಹೋಗಿ ಕೂರಬೇಕು, ಇಳಿಯುವಾಗ ಕೊನೆಗೆ ಬರಬೇಕು. ಕೊನೇ ಸಾಲಿನವನು ಅಷ್ಟರಲ್ಲಿ ಹೊರಗೆ ಬಿಸಿಲಲ್ಲಿ ನಿಂತು ಸೆಲ್ಫಿ ತೆಗೆಯುತ್ತಿರುತ್ತಾನೆ. ನಮ್ಮ ದೇಶದಲ್ಲಿ ಸಮಾನತೆ ಇಷ್ಟು ಸಲೀಸಾಗಿ ಬೇರೆಲ್ಲೂ ಜಾರಿಯಾಗಿಲ್ಲ.

ಇನ್ನು ಲಕ್ಷದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ಟು. ಸಮುದ್ರ ನೋಡೋಕೆ ನಿಮ್ಮ ಮೇಲೆ ಕೇಸಿಲ್ಲ ಅಂತ ಮೊದಲು ಪೊಲೀಸರು ಹೇಳಬೇಕು. 1967ರ ನಿಯಮ. (ಅದು ಇರೋದಕ್ಕೇ ಆ ದ್ವೀಪಗಳು ಇನ್ನೂ ಗೋವಾ ಆಗಿಲ್ಲ ಅನ್ನಿ.)

ಮಂಗಳೂರಿನವರಿಗೆ ಈ ಗದ್ದಲ ನೋಡಿ ನಗು ಬಂದಿರಬೇಕು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಇವೆಲ್ಲ 1956ರವರೆಗೆ ಅವರ ದಕ್ಷಿಣ ಕೆನರಾ ಜಿಲ್ಲೆಯವೇ. ಹಳೇ ಬಂದರಿನಲ್ಲಿ ದ್ವೀಪಕ್ಕೆ ಹೋಗುವ ಮಂಜಿಗಳಿಗೆ (ಸರಕಿನ ಮರದ ಹಡಗುಗಳಿಗೆ) ಸಿಮೆಂಟು, ಜಲ್ಲಿ, ತರಕಾರಿ ಹೇರುತ್ತಲೇ ಬಂದಿದ್ದಾರೆ. ಯಾವ ಹ್ಯಾಷ್‌ಟ್ಯಾಗೂ ಇಲ್ಲದೆ ಈರುಳ್ಳಿ ದ್ವೀಪ ಸೇರುತ್ತದೆ. ನಾವು ಮಾತ್ರ ಅದನ್ನು ಮೊನ್ನೆ ಕಂಡುಹಿಡಿದೆವು.

ತಮಾಷೆ ಸಾಕು. ದ್ವೀಪದವರಿಗೆ ಆ ವಿಮಾನವೇ ಬಸ್ಸು. ದೊಡ್ಡ ಕಾಯಿಲೆ ಬಂದರೂ, ಹೈಕೋರ್ಟಿನಲ್ಲಿ ಕೇಸಿದ್ದರೂ ಕೊಚ್ಚಿಗೇ ಬರಬೇಕು. ಹಡಗಾದರೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ, ಅದೂ ಟಿಕೆಟ್ ಸಿಕ್ಕರೆ. ನದಿ ಇಲ್ಲ, ಮರಳಿನಡಿ ತೆಳ್ಳಗೆ ನಿಂತ ಮಳೆನೀರೇ ಬಾವಿಗೆ ಬರುವುದು. ಅಂಥ ಕಡೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವನು ಸೀಟಿಲ್ಲದೆ ಉಳಿಯಬೇಕು, ಯಾಕೆಂದರೆ ನಿಮಗೆ ಯಾವುದೋ ದೇಶದ ಉಪಮಂತ್ರಿಗೆ ಬುದ್ಧಿ ಕಲಿಸಬೇಕಾಗಿದೆ. ನಾಚಿಕೆ ಬೇಡ್ವಾ? ಸ್ವಂತ ದ್ವೀಪವನ್ನು ಇನ್ನೊಬ್ಬರ ಹೊಟ್ಟೆ ಉರಿಸೋಕೆ ಮಾತ್ರ ನೆನೆಯುವುದು ಯಾವ ಸೀಮೆಯ ಅಭಿಮಾನ?

ಆ ಸಿಟ್ಟಾದರೂ ನಿಂತಿತಾ? 2025ರ ಜುಲೈನಲ್ಲಿ ಪ್ರಧಾನಿಗಳೇ ಮಾಲ್ಡೀವ್ಸ್‌ನ ಸ್ವಾತಂತ್ರ್ಯ ದಿನಕ್ಕೆ ಅತಿಥಿಯಾಗಿ ಹೋಗಿಬಂದರು. ಬಹಿಷ್ಕಾರದ ವೀರರೂ ಇನ್ನು ಅಲ್ಲಿನ ರಾಜಧಾನಿ ಮಾಲೆಯ ಟಿಕೆಟ್ ದರ ನೋಡಬಹುದು. ಅಲ್ಲಿ ಇಳಿದ ಮೇಲೆ ವೀಸಾ, ಅದೂ ಪುಕ್ಕಟೆ. ಪೊಲೀಸ್ ಠಾಣೆಗೆ ಹೋಗುವ ರಗಳೆಯೂ ಇಲ್ಲ.