ಮೊಳೆ ಹೆಚ್ಚಿಸಿದರೆ ಸಾಲದು

ಹೆಂಚು ಇಳಿಸಿ ಶೀಟ್ ಹಾಕುವವರು ಸ್ಕ್ರೂ ಹತ್ತಿರ ಹತ್ತಿರ ಹೊಡೆದರೆ ಗಾಳಿಗೆ ಹಾರುವುದಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ಅರ್ಧ ಮಾತ್ರ ಸರಿ. ಶೀಟ್ ಗಟ್ಟಿಯಾಗಿ ಕೂತಷ್ಟೂ ಗಾಳಿಯ ಮೇಲೆಳೆತ ರೀಪಿಗೆ (ಶೀಟಿನಡಿಯ ಅಡ್ಡಪಟ್ಟಿ), ಅಲ್ಲಿಂದ ಪಕಾಸಿಗೆ (ಇಳಿಜಾರಿನ ಮರದ ತೊಲೆ), ಕೊನೆಗೆ ಗೋಡೆಗೆ ದಾಟುತ್ತದೆ. ನಡುವೆ ಎಲ್ಲಿ ಸಡಿಲವೋ ಅಲ್ಲೇ ಕೀಳುತ್ತದೆ.

ಮಂಗಳೂರಿಗೆ ಐಎಸ್ 875 (ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನಕ) ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 90 ಕೆಜಿ ಒತ್ತಡ. ಹೆಂಚು 40 ಕೆಜಿಯಷ್ಟಾದರೂ ಭಾರ ಕೊಡುತ್ತಿತ್ತು, ಶೀಟ್ ಐದು ಕೆಜಿಯೂ ಇಲ್ಲ. ಎರಡು ಅಡಿಗೊಂದು ಪಕಾಸು, ಗೋಡೆಯಿಂದ ಗೋಡೆಗೆ 4 ಮೀಟರ್ ಅಂತರ, ಮೂರಡಿ ಸೂರು ಇದ್ದರೆ ಗೋಡೆ ಮೇಲಿನ ಪ್ರತಿ ಕೂಡಿಕೆಗೂ 150 ಕೆಜಿ ಎಳೆತ, ಗುಣಾಂಕ 1, ಅಂದರೆ ಮೇಲೆಳೆತ ಆ ಒತ್ತಡದಷ್ಟೇ ಎಂದು ಹಿಡಿದರೂ! ಸೂರಿನಡಿಗೆ ಗಾಳಿ ನುಗ್ಗಿ ಕೆಳಗಿಂದಲೂ ದೂಡುವುದರಿಂದ ಅಂಚಿನಲ್ಲಿ ಇನ್ನೂ ಜಾಸ್ತಿ.

ಓರೆಯಾಗಿ ಹೊಡೆದ ಎರಡು ಮೊಳೆ ಇದಕ್ಕೆ ಸಾಲದು, ಹಲ್ಲು ಕಿತ್ತಂತೆ ಎದ್ದು ಬರುತ್ತವೆ. ಪಕಾಸಿನ ಮೇಲಿಂದ ಜಿಐ (ಸತು ಲೇಪಿತ ಕಬ್ಬಿಣ) ಪಟ್ಟಿ ಸುತ್ತಿ, ಎರಡೂ ಬದಿ ಇಳಿಸಿ, ವಾಲ್ ಪ್ಲೇಟಿನ (ಪಕಾಸು ಕೂರುವ, ಗೋಡೆ ಮೇಲಿನ ಮರ) ಪಕ್ಕಕ್ಕೆ ಮೊಳೆ ಹೊಡೆಯಿರಿ; ಆಗ ಮೊಳೆಯ ಮೇಲೆ ಬೀಳುವುದು ಅಡ್ಡ ಬಲ. ವಾಲ್ ಪ್ಲೇಟನ್ನು ಮುರಕಲ್ಲಿನ ಮೇಲೆ ಸುಮ್ಮನೆ ಕೂರಿಸಬೇಡಿ. ಗೋಡೆಯ ತುದಿಗೆ ಕಾಂಕ್ರೀಟ್ ಬೆಲ್ಟ್ ಹಾಕಿ, ಪ್ಲೇಟನ್ನು ಹಿಡಿಯಲು ನಾಲ್ಕಡಿಗೊಂದು 12 ಎಂಎಂ ಬೋಲ್ಟ್ ಹೂಳಿ, ಬೆಲ್ಟನ್ನೂ ಸರಳಿನಿಂದ ಗೋಡೆಗೆ ಕಟ್ಟಿ.